ಘಾಟಿಯ ಖುಷಿಯೂ ಬೇಕು, ಮೈಲೇಜೂ ಬೇಕು: ಸಣ್ಣ ಕಾರಿನ ಒಡೆಯರೊಬ್ಬರಿಗೆ ಉತ್ತರ

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ ನನ್ನ ಮನೆ. 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ, ಐದು ಗೇರಿನ ಸಣ್ಣ ಕಾರು ಇದೆ. ವಾರಕ್ಕೆ ಎರಡು ದಿನ ಕೆಲಸದ ಮೇಲೆ ತೀರ್ಥಹಳ್ಳಿಗೆ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆ ಆಗುಂಬೆ ಘಟ್ಟ ಇಳಿದು ಉಡುಪಿಯ ಅಕ್ಕನ ಮನೆಗೆ ಹೋಗುವುದಿದೆ. ಉಳಿದದ್ದು ಊರೊಳಗಿನ ಓಡಾಟ. ಎಲ್ಲ ಸೇರಿ ತಿಂಗಳಿಗೆ ಸುಮಾರು 1,500 ಕಿ.ಮೀ. ಕೊಳ್ಳುವಾಗ ಲೀಟರಿಗೆ 22 ಕಿ.ಮೀ. ಎಂದಿದ್ದರು, ನನಗೆ ಸಿಗುತ್ತಿರುವುದು 14. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡು, ನಲವತ್ತಕ್ಕೇ ಐದನೇ ಗೇರು ಹಾಕು ಎಂದು ಗೆಳೆಯರು ಹೇಳುತ್ತಾರೆ. ಹಾಗೆ ಓಡಿಸಿದರೆ ಕಾರು ಓಡಿಸುವ ಸಂತೋಷವೇ ಉಳಿಯುವುದಿಲ್ಲ. ಘಾಟಿಯಲ್ಲಿ ಕಾರು ಓಡಿಸುವುದೆಂದರೆ ನನಗೆ ಪ್ರಾಣ. ಎರಡನ್ನೂ ಉಳಿಸಿಕೊಳ್ಳಲು ದಾರಿ ಇದೆಯೇ? ಮುಂದಿನ ಕಾರು ಟರ್ಬೊ ಆಗಿರಬೇಕೇ?

ಉತ್ತರ: ನ್ಯೂಟ್ರಲ್ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದದ್ದೆಲ್ಲ ಹಣದ ಮಾತು, ಇದು ಜೀವದ ಮಾತು.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ರೂಢಿ, ಗಾಳಿಯ ಎಳೆತಕ್ಕೇ ಪೆಟ್ರೋಲು ಬೆರೆಸುತ್ತಿದ್ದ ಕಾರ್ಬ್ಯುರೇಟರ್ ಕಾಲದ್ದು. ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಎಂಜಿನ್ ತಿರುಗುತ್ತಿರುವವರೆಗೂ ಪೆಟ್ರೋಲು ಒಳಗೆ ಎಳೆದುಕೊಳ್ಳುತ್ತಲೇ ಇತ್ತು, ಆದ್ದರಿಂದ ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಉಳಿತಾಯ ಎಂಬ ಲೆಕ್ಕಕ್ಕೆ ಅರ್ಥವಿತ್ತು. ನಿಮ್ಮ ಕಾರಿನಲ್ಲಿ ಇರುವುದು ಇಂಜೆಕ್ಟರ್, ಎಂಜಿನ್ನಿನ ಕಂಪ್ಯೂಟರು ಹೇಳಿದಷ್ಟೇ ಪೆಟ್ರೋಲು ಚಿಮ್ಮಿಸುವ ಸಾಧನ. ಕಾರು ಗೇರಿನಲ್ಲಿದ್ದು, ನೀವು ಆಕ್ಸಿಲರೇಟರಿನಿಂದ ಕಾಲನ್ನು ಪೂರ್ತಿ ತೆಗೆದಾಗ, ಎಂಜಿನ್ ವೇಗ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ) ಸುಮಾರು 1,500 ಆರ್‌ಪಿಎಂ ಮೇಲಿದ್ದರೆ ಕಂಪ್ಯೂಟರು ಇಂಜೆಕ್ಟರನ್ನು ಮುಚ್ಚಿಬಿಡುತ್ತದೆ. ಆಗ ಎಂಜಿನ್ನನ್ನು ತಿರುಗಿಸುತ್ತಿರುವುದು ಪೆಟ್ರೋಲಲ್ಲ, ಉರುಳುತ್ತಿರುವ ಚಕ್ರಗಳು. ಖರ್ಚು ಸೊನ್ನೆ. ನ್ಯೂಟ್ರಲ್ ಮಾಡಿದಿರೋ, ಚಕ್ರಕ್ಕೂ ಎಂಜಿನ್ನಿಗೂ ನಂಟು ತಪ್ಪುತ್ತದೆ. ಎಂಜಿನ್ ಆರಿಹೋಗದಂತೆ ಇಂಜೆಕ್ಟರು ಮತ್ತೆ ಪೆಟ್ರೋಲು ಸುರಿಯಬೇಕಾಗುತ್ತದೆ. ನಿಮ್ಮಂಥ ಎಂಜಿನ್ ನಿಂತಲ್ಲೇ ಓಡುತ್ತಿದ್ದರೆ ಗಂಟೆಗೆ ಮುಕ್ಕಾಲು ಲೀಟರಿನಷ್ಟು ಕುಡಿಯುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಪ್ಪತ್ತು ನಿಮಿಷ ನ್ಯೂಟ್ರಲ್‌ನಲ್ಲಿ ಇಳಿದವರು ಕಾಲು ಲೀಟರ್ ಸುಟ್ಟಿರುತ್ತಾರೆ. ಎರಡನೇ ಗೇರಿನಲ್ಲಿ ಇಳಿದವರು ಬಹುಪಾಲು ದಾರಿಯಲ್ಲಿ ಏನನ್ನೂ ಸುಟ್ಟಿರುವುದಿಲ್ಲ.

ಬ್ರೇಕಿನ ಕಥೆ ಇದಕ್ಕಿಂತ ಕಠಿಣ. ನ್ಯೂಟ್ರಲ್‌ನಲ್ಲಿ ಇಡೀ ಕಾರಿನ ಭಾರವನ್ನು ಬ್ರೇಕೊಂದೇ ಹಿಡಿಯಬೇಕು. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಒತ್ತಿ ಒತ್ತಿ ಪ್ಯಾಡು ಕಾದರೆ ಹಿಡಿತ ಬಿಡುತ್ತದೆ, ಪೆಡಲು ಗಟ್ಟಿಯಾಗಿದ್ದರೂ ಕಾರು ನಿಲ್ಲುವುದಿಲ್ಲ. ಕೀ ತಿರುಗಿಸಿ ಎಂಜಿನ್ನನ್ನೇ ಆರಿಸಿ ಇಳಿಯುವವರೂ ಇದ್ದಾರೆ. ಅವರಿಗೆ ಎರಡು ಮೂರು ಸಲ ಒತ್ತಿದ ಮೇಲೆ ಕಾಲಿನ ಒತ್ತನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರಿನ ನೆರವು ತೀರಿಹೋಗುತ್ತದೆ, ಪವರ್ ಸ್ಟೇರಿಂಗ್ ಕೂಡ ಕಲ್ಲಾಗುತ್ತದೆ. ಈ ಸಲಹೆ ಕೊಟ್ಟ ಗೆಳೆಯರಿಗೂ ದಯವಿಟ್ಟು ಇದನ್ನು ಹೇಳಿ. ಘಟ್ಟವನ್ನು ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಬಸ್ ಚಾಲಕರ ಪಾಠ ಇಂದಿನ ಕಾರಿಗೂ ಸರಿಯೇ.

ನ್ಯೂಟ್ರಲ್ ಪರವಾಗಿ ಒಂದು ವಾದ ಉಳಿಯುತ್ತದೆ, ಅದಕ್ಕೂ ಉತ್ತರ ಹೇಳಬೇಕು. ತೀರ್ಥಹಳ್ಳಿ ದಾರಿಯಲ್ಲಿ ಬರುವಂಥ ಸಣ್ಣ ಇಳಿಜಾರಿನಲ್ಲಿ ಕಾಲು ತೆಗೆದರೆ ಎಂಜಿನ್ನಿನ ಹಿಡಿತಕ್ಕೆ ವೇಗ ಇಳಿಯುತ್ತದೆ, ನ್ಯೂಟ್ರಲ್‌ನಲ್ಲಿ ಇಳಿಯುವುದಿಲ್ಲ. ನಿಜ. ಆದರೆ ಅಲ್ಲಿ ಐದನೇ ಗೇರಿನಲ್ಲೇ ಇದ್ದು ಆಕ್ಸಿಲರೇಟರನ್ನು ಹೆಬ್ಬೆರಳಿನಿಂದ ಮುಟ್ಟಿದಷ್ಟು ಒತ್ತಿದರೆ ಅದೇ ಕೆಲಸ ಆಗುತ್ತದೆ, ಕಾರೂ ಕೈಯಲ್ಲಿರುತ್ತದೆ.

ಇನ್ನು ನಲವತ್ತಕ್ಕೆ ಐದನೇ ಗೇರು. ಸಮತಟ್ಟಾದ ರಸ್ತೆಯಲ್ಲಿ, ವೇಗ ಹೆಚ್ಚಿಸುವ ಆತುರವಿಲ್ಲದಾಗ, ಎಂಜಿನ್ ನಡುಗದಿದ್ದರೆ ಹಾಕಿ, ತಪ್ಪಿಲ್ಲ. ಏರಿನಲ್ಲಿ ಮಾತ್ರ ಬೇಡ. 1,200 ಆರ್‌ಪಿಎಂನಲ್ಲಿ ಪೆಡಲನ್ನು ನೆಲಕ್ಕೆ ಒತ್ತಿದಾಗ ಸಣ್ಣ ಎಂಜಿನ್ ನಡುಗುತ್ತದೆ, ನಾಕಿಂಗ್ (ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ತಡೆಯಲು ಕಂಪ್ಯೂಟರು ಇಗ್ನಿಷನ್ ಸಮಯವನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ತಡಮಾಡುತ್ತದೆ, ಸುಟ್ಟ ಪೆಟ್ರೋಲಿಗೆ ತಕ್ಕ ಎಳೆತ ಸಿಗುವುದಿಲ್ಲ. ಪೆಟ್ರೋಲ್ ಎಂಜಿನ್ ಅತ್ಯಂತ ಚೆನ್ನಾಗಿ ದುಡಿಯುವುದು ಸುಮಾರು 2,000ದಿಂದ 3,000 ಆರ್‌ಪಿಎಂ ನಡುವೆ, ಅದರ ಬಲದ ಮುಕ್ಕಾಲು ಪಾಲನ್ನು ಕೇಳಿದಾಗ. ಕಾಲನ್ನು ತೀರಾ ಹಗುರವಾಗಿ ಇಟ್ಟಾಗ ಥ್ರಾಟಲ್ ಬಾಗಿಲು ಅರೆಮುಚ್ಚಿರುತ್ತದೆ, ಆ ಸಂದಿಯಿಂದ ಗಾಳಿ ಎಳೆದುಕೊಳ್ಳುವುದಕ್ಕೇ ಎಂಜಿನ್ ಒಂದಿಷ್ಟು ಶಕ್ತಿ ಕಳೆಯುತ್ತದೆ. ಹೀಗಾಗಿ ಆಮೆಯ ಹಾಗೆ ವೇಗ ಏರಿಸುವುದೇ ಉಳಿತಾಯ ಎಂಬುದು ಸರಿಯಲ್ಲ. ಚುರುಕಾಗಿ 2,500ರವರೆಗೆ ಎಳೆಯಿರಿ, ಮೇಲಿನ ಗೇರಿಗೆ ಹೋಗಿ, ಬೇಕಾದ ವೇಗ ಬಂದೊಡನೆ ಕಾಲನ್ನು ಹಗುರ ಮಾಡಿ. ನಿಮಗೆ ಇಷ್ಟವಾಗುವ ಆ ಎಳೆತವೂ ಎಂಜಿನ್ನಿಗೆ ಹಿತವಾದ ಜಾಗವೂ ಒಂದೇ ಕಡೆ ಇವೆ. ಪೆಡಲನ್ನು ಪೂರ್ತಿ ನೆಲ ಮುಟ್ಟಿಸಿ 5,000 ದಾಟಿಸಿದಾಗ ಮಾತ್ರ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿ ಲೆಕ್ಕ ಕೆಡುತ್ತದೆ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಖುಷಿ ಮತ್ತು ಮೈಲೇಜು ಒಂದಕ್ಕೊಂದು ವೈರಿ ಎಂದು ನೀವು ತಿಳಿದಿದ್ದೀರಿ. ಮಲೆನಾಡಿನ ರಸ್ತೆಯಲ್ಲಿ, ಸಣ್ಣ ಕಾರಿನಲ್ಲಿ, ಇವೆರಡಕ್ಕೂ ವೈರಿ ಒಂದೇ. ಅದು ಬೇಡದ ಕಡೆ ಒತ್ತಿದ ಬ್ರೇಕು.

ಲೆಕ್ಕ ಹಾಕಿ ನೋಡೋಣ. ಕಾರು, ನೀವು, ಜೊತೆಗೊಬ್ಬರು ಸೇರಿ 1,100 ಕಿಲೋ ಇರಲಿ. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 500 ಮೀಟರ್ ಎತ್ತರ ಏರಬೇಕು. ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಒಳ್ಳೆಯ ಸ್ಥಿತಿಯಲ್ಲಿ ಶೇ 30ರ ಆಸುಪಾಸು. ಈ ಲೆಕ್ಕದಲ್ಲಿ ಆ ಭಾರವನ್ನು ಅಷ್ಟೆತ್ತರಕ್ಕೆ ಎತ್ತುವುದಕ್ಕೇ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲು ಬೇಕು. ಇದು ಬೆಟ್ಟಕ್ಕೆ ಕಟ್ಟಬೇಕಾದ ಸುಂಕ. ನೀವು ಮೂವತ್ತರಲ್ಲಿ ಹತ್ತಿ, ನಲವತ್ತರಲ್ಲಿ ಹತ್ತಿ, ಈ ಅರ್ಧ ಲೀಟರ್ ಬದಲಾಗುವುದಿಲ್ಲ. ಹಾಗಾಗಿ ಘಟ್ಟ ಹತ್ತುವಾಗ ಡಿಸ್‌ಪ್ಲೇಯಲ್ಲಿ ಮೈಲೇಜು 7, 8 ಎಂದು ಕಂಡು ಎದೆ ಹೊಡೆದುಕೊಳ್ಳುವ ಅಗತ್ಯವೇ ಇಲ್ಲ.

ಬದಲಾಗುವುದು ಬ್ರೇಕಿನ ಲೆಕ್ಕ. ಇದೇ ಕಾರನ್ನು ಗಂಟೆಗೆ 60 ಕಿ.ಮೀ. ವೇಗದಿಂದ 20ಕ್ಕೆ ಬ್ರೇಕು ಹಾಕಿ ಇಳಿಸಿದರೆ ಕಳೆದುಹೋಗುವ ಶಕ್ತಿಯನ್ನು ಮತ್ತೆ ಗಳಿಸಲು ಸುಮಾರು 14 ಮಿಲಿಲೀಟರ್ ಪೆಟ್ರೋಲು ಬೇಕು. ಕೆಮ್ಮಿನ ಔಷಧ ಕುಡಿಯುವ ಚಮಚದಲ್ಲಿ ಮೂರು ಚಮಚ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿ ತಲುಪುವಷ್ಟರಲ್ಲಿ ತಿರುವು ತಿರುವಿಗೂ ಹೀಗೆ ಬ್ರೇಕೊತ್ತಿ, ತಿರುವು ದಾಟಿದೊಡನೆ ಮತ್ತೆ ಪೆಡಲನ್ನು ತುಳಿದರೆ, ಪ್ರತಿ ಐವತ್ತು ಸಲಕ್ಕೆ 700 ಮಿಲಿಲೀಟರ್ ಹೋಯಿತು. ಆಗುಂಬೆಯ ಬೆಟ್ಟ ಕೇಳುವ ಸುಂಕಕ್ಕಿಂತ ಹೆಚ್ಚು.

ತುಂಗೆಯ ಬದಿಯಲ್ಲೇ ಸಾಗುವ ಆ ರಸ್ತೆಯನ್ನು ಬ್ರೇಕಿಲ್ಲದೆ ಓಡಿಸಲು ಕಲಿಯಿರಿ. ಇದನ್ನು ತಪ್ಪಾಗಿ ತಿಳಿಯಬೇಡಿ: ತಿರುವಿಗೆ ವೇಗವಾಗಿ ನುಗ್ಗಿ ಎಂದು ನಾನು ಹೇಳುತ್ತಿಲ್ಲ. ತಿರುವಿಗೆ ಬೇಕಾದ ವೇಗವನ್ನು ಮೊದಲೇ ಊಹಿಸಿ, ದೂರದಲ್ಲೇ ಕಾಲು ತೆಗೆದು, ಇಂಜೆಕ್ಟರು ಮುಚ್ಚಿರುವಾಗ ಕಾರು ತಾನಾಗಿ ಆ ವೇಗಕ್ಕೆ ಇಳಿಯುವಂತೆ ಮಾಡಿ. ಅದಕ್ಕಾಗಿ ಕಣ್ಣು ಬಾನೆಟ್ಟಿನ ಮುಂದಿನ ಇಪ್ಪತ್ತು ಮೀಟರಿನಲ್ಲಿ ಇರಬಾರದು, ತಿರುವಿನಾಚೆಯ ಮರಗಳ ಸಾಲಿನಲ್ಲಿ, ವಿದ್ಯುತ್ ಕಂಬಗಳು ಹೊರಳುವ ದಿಕ್ಕಿನಲ್ಲಿ ಇರಬೇಕು. ಮೊದಮೊದಲು ವೇಗ ಬೇಗನೆ ಇಳಿದುಬಿಡುತ್ತದೆ, ಇಲ್ಲವೇ ತಡವಾಗಿ ಬ್ರೇಕು ಬೇಕಾಗುತ್ತದೆ. ಕೆಲವು ವಾರಗಳಲ್ಲಿ ಹದ ಸಿಗುತ್ತದೆ. ಆಮೇಲೆ ಕಾರು ಒಂದು ತಿರುವಿನಿಂದ ಇನ್ನೊಂದಕ್ಕೆ ತಾನೇ ಹರಿದುಹೋಗುವಂತೆ ಅನ್ನಿಸುತ್ತದೆ, ಪಕ್ಕದಲ್ಲಿ ಕೂತವರ ತಲೆ ಅಲ್ಲಾಡುವುದಿಲ್ಲ, ಘಟ್ಟದಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳೂ ನೆಮ್ಮದಿಯಾಗಿರುತ್ತಾರೆ. ಕಾರು ಓಡಿಸುವುದರಲ್ಲಿ ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ. ಯಾವ ತಿರುವಿನಲ್ಲೂ ಮುಂದೆ ಎಷ್ಟು ದೂರ ಕಾಣುತ್ತದೋ ಅದರ ಅರ್ಧದೊಳಗೆ ನಿಲ್ಲಿಸಲಾಗುವ ವೇಗವೇ ಕೊನೆಯ ಮಿತಿ. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಪ್ರವಾಸಿಗರು ಅಡ್ಡ ಬರುತ್ತಾರೆ, ಸಂಜೆ ಹೊತ್ತು ದನಗಳು ಮನೆಗೆ ಹೊರಟಿರುತ್ತವೆ. ಅಲ್ಲಿ ಬ್ರೇಕು ಹಾಕಿದ್ದಕ್ಕೆ ಯಾರೂ ಲೆಕ್ಕ ಇಡಬಾರದು.

ಆಗುಂಬೆಯ ಹೇರ್‌ಪಿನ್ ತಿರುವಿನ ವಿದ್ಯೆ ಬೇರೆ. ಏರುವಾಗ ಎಡ ತಿರುವು ಕಷ್ಟದ್ದು. ನಾವು ಎಡಬದಿಯಲ್ಲಿ ಚಲಿಸುವುದರಿಂದ ಅದು ನಮಗೆ ಒಳಸುತ್ತು, ಒಳ ಅಂಚಿನಲ್ಲಿ ರಸ್ತೆ ಗೋಡೆಯ ಹಾಗೆ ಎದ್ದಿರುತ್ತದೆ. ಬಹಳ ಜನ ಮೂರನೇ ಗೇರಿನಲ್ಲಿ ತಿರುವಿನೊಳಗೆ ನುಗ್ಗಿ, ಅರ್ಧದಲ್ಲಿ ಎಂಜಿನ್ ಸೋತಾಗ ಕ್ಲಚ್ಚು ತುಳಿದು, ಗೇರು ಹುಡುಕಿ, ಹಾಫ್ ಕ್ಲಚ್ಚಿನಲ್ಲಿ ಎಳೆಯುತ್ತಾರೆ. ಕ್ಲಚ್ ಪ್ಲೇಟೂ ಸವೆಯಿತು, ಕಾರಿನ ಓಟವೂ ಹೋಯಿತು. ತಿರುವಿಗೆ ಹತ್ತು ಹದಿನೈದು ಮೀಟರ್ ಮೊದಲೇ ಎರಡನೇ ಗೇರಿಗೆ ಬನ್ನಿ. ಕಾರು ತುಂಬಿದ್ದರೆ, ಮುಂದಿನ ಬಸ್ಸು ನಿಧಾನವಾಗಿದ್ದರೆ, ಒಂದನೇ ಗೇರಿಗೆ ಬರಲು ಸಂಕೋಚ ಬೇಡ. ಹಾರ್ನ್ ಮಾಡಿ. ನಿಮ್ಮ ಬದಿಯೊಳಗೇ ಇದ್ದುಕೊಂಡು, ಎಡ ಅಂಚಿನಿಂದ ಸಾಧ್ಯವಾದಷ್ಟು ದೂರ ಸರಿದು ತಿರುವಿಗೆ ಬನ್ನಿ. ಆಗ ಒಳ ಅಂಚಿನ ಕಡಿದಾದ ಜಾಗ ತಪ್ಪಿ ಸುತ್ತು ಸ್ವಲ್ಪ ಅಗಲವಾಗುತ್ತದೆ. ತಿರುವಿನ ನಡುವೆ ಪೆಡಲನ್ನು ಅಲ್ಲಾಡಿಸದೆ ಒಂದೇ ಸಮನೆ ಹಿಡಿದು, ಸ್ಟೇರಿಂಗ್ ನೇರವಾಗತೊಡಗಿದಾಗ ಒತ್ತುತ್ತಾ ಹೋಗಿ. 2,000ದಿಂದ 3,000ಕ್ಕೆ ಎಂಜಿನ್ ಏರುವ ದನಿ ಕಾಡಿನೊಳಗೆ ಕೇಳುತ್ತದಲ್ಲ, ಅದು ದುಂದಿನ ಸದ್ದಲ್ಲ, ಎಂಜಿನ್ ತನ್ನ ಅತಿ ಹೆಚ್ಚು ದಕ್ಷತೆಯಲ್ಲಿ ದುಡಿಯುತ್ತಿರುವ ಸದ್ದು. ಬಲ ತಿರುವಿನಲ್ಲಿ ನಮಗೆ ಹೊರಸುತ್ತು ಸಿಗುವುದರಿಂದ ಏರು ಸೌಮ್ಯವಾಗಿರುತ್ತದೆ, ಹೆಚ್ಚು ಓಟ ಉಳಿಯುತ್ತದೆ. ಇಳಿಯುವಾಗ, ರಸ್ತೆ ಇಕ್ಕಟ್ಟಾಗಿದ್ದ ಕಡೆ ಏರಿ ಬರುತ್ತಿರುವ ವಾಹನಕ್ಕೆ ದಾರಿ ಬಿಡಬೇಕು. ಅದು ಸೌಜನ್ಯವಷ್ಟೇ ಅಲ್ಲ, ರಸ್ತೆಯ ಕಾನೂನು. ಏರಿನಲ್ಲಿ ನಿಂತ ಬಸ್ಸು ಮತ್ತೆ ಹೊರಡುವುದು ಎಷ್ಟು ಕಷ್ಟವೆಂದು ಕಾರಿನವರು ಯೋಚಿಸುವುದು ಕಡಿಮೆ.

ಹಾಗಾದರೆ ನಿಮ್ಮ 14ಕ್ಕೆ ಘಾಟಿ ಕಾರಣವೇ? ನನ್ನ ಅಂದಾಜಿನಲ್ಲಿ ಅಲ್ಲ. ಘಟ್ಟ ಹತ್ತುವಾಗ ಹೋದದ್ದರಲ್ಲಿ ಒಂದು ಪಾಲು ಇಳಿಯುವಾಗ ವಾಪಸು ಬರುತ್ತದೆ. ಉಡುಪಿಗೆ ಹೋಗಿ ಬಂದ ಒಟ್ಟು ಲೆಕ್ಕ ತೆಗೆದರೆ 17ರ ಹತ್ತಿರ ಬರಬೇಕು. ನುಂಗುತ್ತಿರುವುದು ಊರು. ವಿನೋಬನಗರದಿಂದ ದುರ್ಗಿಗುಡಿಗೆ, ಅಲ್ಲಿಂದ ಗೋಪಿ ವೃತ್ತಕ್ಕೆ, ನೆಹರೂ ರಸ್ತೆಯಲ್ಲಿ ಪಾರ್ಕಿಂಗ್ ಹುಡುಕಾಟ, ವಾಪಸು. ತಣ್ಣಗಿರುವ ಎಂಜಿನ್ನಿಗೆ ಕಂಪ್ಯೂಟರು ಹೆಚ್ಚು ಪೆಟ್ರೋಲು ಕೊಡುತ್ತದೆ, ಎಣ್ಣೆಯೂ ಗಟ್ಟಿಯಾಗಿರುತ್ತದೆ. ಎಂಜಿನ್ ಹದವಾಗಿ ಬಿಸಿಯಾಗಲು ಮೂರು ನಾಲ್ಕು ಕಿಲೋಮೀಟರ್ ಬೇಕು, ನಿಮ್ಮ ಪ್ರಯಾಣ ಅಷ್ಟರಲ್ಲಿ ಮುಗಿದಿರುತ್ತದೆ. ಇಂಥ ಓಡಾಟದಲ್ಲಿ ಯಾವ ಜಾಣತನದಿಂದಲೂ 12, 13ಕ್ಕಿಂತ ಹೆಚ್ಚು ತೆಗೆಯಲಾಗುವುದಿಲ್ಲ, ಖುಷಿಯಂತೂ ಮೊದಲೇ ಇಲ್ಲ. ಆ ಕೆಲಸಗಳನ್ನು ಸ್ಕೂಟರಿಗೆ ಬಿಡಿ, ಇಲ್ಲವೇ ನಾಲ್ಕು ಕೆಲಸ ಒಟ್ಟಿಗೆ ಸೇರಿಸಿ ಒಂದೇ ಸುತ್ತಿನಲ್ಲಿ ಮುಗಿಸಿ. ಬೆಳಿಗ್ಗೆ ಮನೆ ಮುಂದೆ ಐದು ನಿಮಿಷ ಎಂಜಿನ್ ಓಡಿಸಿ ಬಿಸಿ ಮಾಡುವುದೂ ಬೇಡ. ಹೊರಟುಬಿಡಿ, ಮೊದಲ ಕೆಲವು ಕಿಲೋಮೀಟರ್ 2,500 ಆರ್‌ಪಿಎಂ ದಾಟಿಸಬೇಡಿ.

ಅಳೆಯುವುದನ್ನೂ ಸರಿಪಡಿಸಿಕೊಳ್ಳಿ. ಡಿಸ್‌ಪ್ಲೇ ತೋರಿಸುವ ಅಂಕಿ ಸಾಮಾನ್ಯವಾಗಿ ನಿಜಕ್ಕಿಂತ ಹೆಚ್ಚಿರುತ್ತದೆ. ಒಂದೇ ಬಂಕಿನ ಒಂದೇ ಪಂಪಿನಲ್ಲಿ, ನಾಝಲ್ ತಾನಾಗಿ ಮೊದಲ ಸಲ ನಿಂತಾಗ ನಿಲ್ಲಿಸಿ, ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಹಾಕಿ. ಊರಿನ ಟ್ಯಾಂಕು ಬೇರೆ, ಹೊರದಾರಿಯ ಟ್ಯಾಂಕು ಬೇರೆ ಎಂದು ಬರೆದಿಟ್ಟರೆ ಕಳ್ಳ ಎಲ್ಲಿದ್ದಾನೆಂದು ಒಂದೆರಡು ತಿಂಗಳಲ್ಲಿ ಗೊತ್ತಾಗುತ್ತದೆ. ನಿಮಗೆ ಹೇಳಿದ 22, ಪ್ರಯೋಗಾಲಯದಲ್ಲಿ ರೋಲರಿನ ಮೇಲೆ ಓಡಿಸಿ ಅಳೆದದ್ದು. ಆ ಪರೀಕ್ಷೆಯಲ್ಲಿ ಏರು ಇಲ್ಲ, ಎ.ಸಿ. ಹಾಕುವುದಿಲ್ಲ, ವೇಗ ಗಂಟೆಗೆ 90 ದಾಟುವುದಿಲ್ಲ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಅದು ಉಪಯುಕ್ತ, ನಿಮ್ಮ ದಾರಿಗೆ ಅದು ಮಾತು ಕೊಟ್ಟಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ, ಲೀಟರಿಗೆ ಲೀಟರ್ ತೂಗಿದರೆ ಎಥನಾಲ್‌ನಲ್ಲಿ ಶಕ್ತಿ ಮೂರನೇ ಒಂದು ಪಾಲು ಕಡಿಮೆ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶೇ 6ರಿಂದ 7ರಷ್ಟು ಶಕ್ತಿ ಅಲ್ಲೇ ಕಡಿಮೆಯಾಯಿತು. ಅದು ನಿಮ್ಮ ಕಾಲಿನ ದೋಷವಲ್ಲ.

ಟೈರಿನ ಬಗ್ಗೆ ಒತ್ತಿ ಹೇಳಬೇಕು, ಏಕೆಂದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಮೈಲೇಜು, ಖುಷಿ ಎರಡನ್ನೂ ಕೊಡುವ ವಸ್ತು ಇನ್ನೊಂದಿಲ್ಲ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುವ ಒತ್ತಡವನ್ನೇ, ಟೈರು ತಣ್ಣಗಿರುವಾಗ, ತುಂಬಿಸಿ. ಹೊರಗಿನ ತಾಪ ಹತ್ತು ಡಿಗ್ರಿ ಇಳಿದರೆ ಟೈರಿನ ಒತ್ತಡ ಒಂದೂವರೆಯಿಂದ ಎರಡು ಪಿಎಸ್‌ಐ ಇಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತುಂಬಿಸಿ, ಜುಲೈ ಮಳೆಯವರೆಗೂ ನೋಡದಿದ್ದರೆ ಟೈರು ಮೆತ್ತಗಾಗಿರುತ್ತದೆ, ಸ್ಟೇರಿಂಗ್ ಜಡವಾಗುತ್ತದೆ, ಪೆಟ್ರೋಲೂ ಹೆಚ್ಚು ಹೋಗುತ್ತದೆ. ಕಾನೂನಿನ ಪ್ರಕಾರ ಟೈರಿನ ಹಲ್ಲು 1.6 ಮಿಲಿಮೀಟರ್ ಇದ್ದರೆ ಸಾಕು, ಆಗುಂಬೆಯ ಮಳೆಗೆ ಅದು ಏನೇನೂ ಸಾಲದು. 3 ಮಿಲಿಮೀಟರಿಗೆ ಬಂದಾಗಲೇ, ಮುಂಗಾರಿಗೆ ಮೊದಲು, ಬದಲಿಸಿಬಿಡಿ. ಅಂದಕ್ಕಾಗಿ ಅಗಲ ಟೈರು, ದೊಡ್ಡ ಅಲಾಯ್ ಚಕ್ರ ಹಾಕಿಸುವ ಯೋಚನೆ ಇದ್ದರೆ ಕೈಬಿಡಿ. ಚಕ್ರದ ತೂಕ ಹೆಚ್ಚಿದಷ್ಟೂ ಕಾರು ಮಂದವಾಗುತ್ತದೆ, ಮೈಲೇಜು ಇಳಿಯುತ್ತದೆ, ಗುಂಡಿಗಳ ಪೆಟ್ಟು ಸೊಂಟಕ್ಕೆ ಬರುತ್ತದೆ. ಅದೇ ಹಣಕ್ಕೆ ಕಂಪನಿ ಕೊಟ್ಟ ಅಳತೆಯಲ್ಲೇ, ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ಒಳ್ಳೆಯ ಟೈರು ಬರುತ್ತದೆ.

ಎ.ಸಿ. ಬಗ್ಗೆ ಜಿಪುಣತನ ಬೇಡ. ಮಳೆಗಾಲದಲ್ಲಿ ಗಾಜಿನ ಮೇಲಿನ ಮಂಜು ಬಿಡಿಸಲು ಅದು ಬೇಕೇ ಬೇಕು. ಡಿಕ್ಕಿಯಲ್ಲಿ ವರ್ಷವಿಡೀ ಸುತ್ತುವ ಸಾಮಾನು ಇಳಿಸಿ, ಖಾಲಿ ಕ್ಯಾರಿಯರ್ ಬಿಚ್ಚಿಡಿ, ಏರ್ ಫಿಲ್ಟರ್ ಸಮಯಕ್ಕೆ ಬದಲಿಸಿ. ಇಷ್ಟು ಸಾಕು.

ಬೇಗ ತಲುಪುವ ಆಸೆಗೆ ಮಾತ್ರ ಬೆಲೆ ತೆರಲೇಬೇಕು. ಗಾಳಿಯ ತಡೆ ವೇಗದ ವರ್ಗದಂತೆ ಹೆಚ್ಚುತ್ತದೆ: 80ರಲ್ಲಿ ಎದುರಾಗುವ ತಡೆಗಿಂತ 100ರಲ್ಲಿ ಎದುರಾಗುವುದು ಶೇ 56ರಷ್ಟು ಹೆಚ್ಚು. ಬೆಂಗಳೂರು ಹೆದ್ದಾರಿಯ ನೇರ ರಸ್ತೆಯಲ್ಲಿ 100ರಲ್ಲಿ ಹೋಗುವುದರಲ್ಲಿ ಚಾಲಕನಿಗೆ ಸಿಗುವ ಸಂತೋಷವಾದರೂ ಏನು? ಅಲ್ಲಿ 75, 80ರಲ್ಲಿ ಹೋಗಿ ಉಳಿಸಿ. ಉಳಿಸಿದ್ದನ್ನು ಮಲೆನಾಡಿನ ಏರುಗಳಲ್ಲಿ ಎರಡನೇ, ಮೂರನೇ ಗೇರಿನಲ್ಲಿ ಮನಸಾರೆ ಖರ್ಚು ಮಾಡಿ. ಹೀಗೆ ಓಡಿಸಿ, ಊರಿನ ಸಣ್ಣ ಓಡಾಟ ಸ್ಕೂಟರಿಗೆ ಹೋದರೆ, ನಿಮ್ಮ ಒಟ್ಟು ಲೆಕ್ಕ 18ಕ್ಕೆ ಬರುವುದು ಕಷ್ಟವಲ್ಲ. ಪ್ರತಿ 1,500 ಕಿ.ಮೀ.ಗೆ ಸುಮಾರು 24 ಲೀಟರ್ ಉಳಿಯಿತು.

ಕೊನೆಗೆ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ಒಂದು ಲೀಟರಿನ ಟರ್ಬೊ ಎಂಜಿನ್ನುಗಳು 2,000 ಆರ್‌ಪಿಎಂ ಹೊತ್ತಿಗೇ ಒಳ್ಳೆಯ ಬಲ ಕೊಡುತ್ತವೆ, ತುಂಬಿದ ಕಾರಿನಲ್ಲಿ ಘಟ್ಟ ಹತ್ತುವಾಗ ಇದು ದೊಡ್ಡ ಅನುಕೂಲ. ಆದರೆ ಹೇರ್‌ಪಿನ್‌ನಲ್ಲಿ 1,500ಕ್ಕಿಂತ ಕೆಳಗಿಳಿದರೆ ಟರ್ಬೊ ಮಲಗಿಬಿಡುತ್ತದೆ, ಎದ್ದಾಗ ಬಲ ಒಮ್ಮೆಲೇ ನುಗ್ಗುತ್ತದೆ, ಆ ಬಲವನ್ನು ಪದೇ ಪದೇ ಕೇಳಿದರೆ ಮೈಲೇಜು ನಿಮ್ಮ ಈಗಿನ ಕಾರಿಗಿಂತ ಕೆಳಗೆ ಹೋಗುತ್ತದೆ. ನಾಲ್ಕು ಜನ, ಸಾಮಾನು ತುಂಬಿಕೊಂಡು ಪದೇ ಪದೇ ಘಟ್ಟ ಹತ್ತುವವರಿಗೆ ಟರ್ಬೊ ಸರಿ. ಹೆಚ್ಚಾಗಿ ಒಬ್ಬರೇ, ಇಬ್ಬರೇ ಓಡಾಡುವ ನಿಮಗೆ ಹಗುರವಾದ, ಟರ್ಬೊ ಇಲ್ಲದ, ಕೈಗೇರಿನ ಕಾರೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಎಂಜಿನ್ 796 ಸಿ.ಸಿ., ಕಾರಿನ ತೂಕ 650 ಕಿಲೋ ಆಸುಪಾಸು. ಮಲೆನಾಡಿನ ಎಷ್ಟೋ ಮನೆಗಳವರು ಅದರಲ್ಲೇ ಘಟ್ಟ ಹತ್ತಿಳಿದರು, ಅದನ್ನು ಓಡಿಸಿದವರು ಇಂದಿಗೂ ಅದರ ಚುರುಕನ್ನು ನೆನೆಯುತ್ತಾರೆ. ಸುರಕ್ಷತೆಯಲ್ಲಿ ಇಂದಿನ ಕಾರುಗಳು ಅದಕ್ಕಿಂತ ಎಷ್ಟೋ ಮುಂದಿವೆ, ಹಿಂದಕ್ಕೆ ಹೋಗುವುದು ಬೇಡ. ಕಾರು ಆರಿಸುವಾಗ ಬಲದ ಅಂಕಿಯ ಪಕ್ಕದಲ್ಲಿ ತೂಕದ ಅಂಕಿಯನ್ನೂ ನೋಡಿ. ಎಎಂಟಿ (ಕ್ಲಚ್ಚು, ಗೇರಿನ ಕೆಲಸವನ್ನು ತಾನೇ ಮಾಡುವ) ಗೇರಿನ ಕಾರು ಮನಸ್ಸಿನಲ್ಲಿದ್ದರೆ, ಗೇರನ್ನು ಕೈಯಿಂದ ಬದಲಿಸುವ ವ್ಯವಸ್ಥೆ ಇದೆಯೇ ಎಂದು ನೋಡಿಕೊಳ್ಳಿ, ತಿರುವಿನ ನಡುವೆ ಅದು ತಾನಾಗಿ ಗೇರು ಬದಲಿಸಿ ಎಳೆತ ಕಡಿದರೆ ಏರಿನಲ್ಲಿ ಕಸಿವಿಸಿಯಾಗುತ್ತದೆ. ಟೆಸ್ಟ್ ಡ್ರೈವನ್ನು ಶೋರೂಮಿನ ಸುತ್ತಲಿನ ಸಮತಟ್ಟು ರಸ್ತೆಯಲ್ಲಿ ಮುಗಿಸಬೇಡಿ. ಮನೆಯವರನ್ನೂ ಕೂರಿಸಿಕೊಂಡು ಒಂದು ಏರು ರಸ್ತೆಗೆ ಹೋಗಿ, ಏರಿನ ನಡುವೆ ನಿಲ್ಲಿಸಿ, ಅಲ್ಲಿಂದ ಎರಡು ಮೂರು ಸಲ ಹೊರಟು ನೋಡಿ.